ಕಪ್ಪು ಪಟ್ಟಿಯ ಲೆಕ್ಕಾಚಾರ

1975ರ ಡಿಸೆಂಬರ್‌ನಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಒಂದು ಪತ್ರ ಬರೆದರು. ಅದು ವಿತರಕರಿಗೂ ಅಲ್ಲ, ವಿಮರ್ಶಕರಿಗೂ ಅಲ್ಲ. ‘ಬ್ಯಾರಿ ಲಿಂಡನ್’ ಚಿತ್ರವನ್ನು ತೋರಿಸಲಿದ್ದ ಥಿಯೇಟರುಗಳ ಪ್ರೊಜೆಕ್ಟರ್ ಆಪರೇಟರುಗಳಿಗೆ. ಚಿತ್ರವನ್ನು ತೆಗೆದಿರುವುದು ಎತ್ತರದ 1.66 ಪಟ್ಟು ಅಗಲವಿರುವ ಚೌಕಟ್ಟಿನಲ್ಲಿ, ತೋರಿಸುವುದೂ ಅದರಲ್ಲೇ ಆಗಬೇಕು. ತೀರಾ ಆಗದಿದ್ದರೆ 1.75ರವರೆಗೆ ಹೋಗಬಹುದು, ಅದರಾಚೆ ಬೇಡ ಎಂಬುದು ಪತ್ರದ ಒಂದು ಮುಖ್ಯ ಬೇಡಿಕೆ. ಅಮೆರಿಕದ ಹೆಚ್ಚಿನ ಥಿಯೇಟರುಗಳು ಆಗ 1.85ರ ಅಳತೆಗೆ ಒಗ್ಗಿಹೋಗಿದ್ದವು. ಅದರಲ್ಲಿ ತೋರಿಸಿದರೆ ಮೇಲೆ ಕೆಳಗೆ ಚಿತ್ರ ಕತ್ತರಿಸಿಹೋಗುತ್ತದೆ ಎಂಬುದೇ ಅವರ ಆತಂಕ.

ಅದೇ ವರ್ಷ ಆಗಸ್ಟ್ 15ರಂದು ಬಿಡುಗಡೆಯಾದ ‘ಶೋಲೆ’ಯದ್ದು ಇದಕ್ಕೆ ಪೂರ್ತಿ ಉಲ್ಟಾ ಕಥೆ. ರಾಮನಗರದ ಬಂಡೆಗಳ ನಡುವೆ ಆ ಚಿತ್ರ ತೆಗೆದ ಕ್ಯಾಮೆರಾಗಳಲ್ಲಿ ಓಡುತ್ತಿದ್ದದ್ದು ಮಾಮೂಲಿ 35 ಎಂಎಂ ಫಿಲ್ಮು. ಆದರೆ ಜನರಿಗೆ ತೋರಿಸಬೇಕೆಂದಿದ್ದದ್ದು 70 ಎಂಎಂನಲ್ಲಿ, ಅಂದರೆ 2.2 ಪಟ್ಟು ಅಗಲದ ಪರದೆಯಲ್ಲಿ. ಹಾಗಾಗಿ ಕ್ಯಾಮೆರಾದಲ್ಲೇ ಗಾಜಿನ ಮೇಲೆ 70 ಎಂಎಂ ಚೌಕಟ್ಟಿನ ಅಂಚುಗಳನ್ನು ಗುರುತು ಮಾಡಿಕೊಂಡು, ಆ ಗೆರೆಗಳ ಒಳಗೇ ಗಬ್ಬರ್‌ನನ್ನೂ ಠಾಕೂರನನ್ನೂ ನಿಲ್ಲಿಸಿದರು. ಆಮೇಲೆ ಲ್ಯಾಬ್‌ನಲ್ಲಿ ಮೇಲಿನ ಕೆಳಗಿನ ಭಾಗ ಕಳೆದು ಉಳಿದದ್ದನ್ನು ಹಿಗ್ಗಿಸಿದರು. 1.37ರ ಚೌಕಟ್ಟಿನಿಂದ 2.2ರ ಚೌಕಟ್ಟು ತೆಗೆದರೆ ಎತ್ತರದಲ್ಲಿ ಶೇಕಡ 38ರಷ್ಟು ಹೋಗುತ್ತದೆ. ಆದರೂ ‘ಶೋಲೆ’ ನೋಡಿದವರು ಯಾರೂ ಚಿತ್ರ ಕತ್ತರಿಸಿಹೋಗಿದೆ ಎನ್ನಲಿಲ್ಲ, ಏಕೆಂದರೆ ಕತ್ತರಿ ಎಲ್ಲಿ ಬೀಳುತ್ತದೆಂದು ತೆಗೆಯುವವರಿಗೆ ಮೊದಲೇ ಗೊತ್ತಿತ್ತು.

ಈ ಅಧ್ಯಾಯದ ವಿಷಯ ಇಷ್ಟೇ: ತೆಗೆದ ಚೌಕಟ್ಟಿಗೂ ತೋರಿಸುವ ಪರದೆಗೂ ಅಳತೆ ಕೂಡದಿದ್ದಾಗ ಏನು ಮಾಡಬೇಕು? ಫಿಲ್ಮ್ ಕಾಲದಲ್ಲಿ ಇದನ್ನು ಲ್ಯಾಬಿನವರೂ ಆಪರೇಟರೂ ನೋಡಿಕೊಳ್ಳುತ್ತಿದ್ದರು. ಈಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿರುಚಿತ್ರ ಮಾಡುವ ಹುಡುಗನೇ ನೋಡಿಕೊಳ್ಳಬೇಕು. ಲೆಕ್ಕ ಹೈಸ್ಕೂಲಿನದ್ದು, ಆದರೆ ತಪ್ಪುವವರೇ ಹೆಚ್ಚು.

ಮೊದಲು ಈ ಅಳತೆಗಳು ಎಲ್ಲಿಂದ ಬಂದವೆಂದು ನೋಡೋಣ. ಎಡಿಸನ್‌ನ ಪ್ರಯೋಗಾಲಯದಲ್ಲಿದ್ದ ವಿಲಿಯಂ ಡಿಕ್ಸನ್, ಈಸ್ಟ್‌ಮನ್ ಕಂಪನಿಯ 70 ಎಂಎಂ ಅಗಲದ ಫಿಲ್ಮನ್ನು ಉದ್ದಕ್ಕೆ ಸೀಳಿ 35 ಎಂಎಂ ಮಾಡಿಕೊಂಡರು. ಅಂಚಿನಲ್ಲಿ ಹಲ್ಲುಚಕ್ರ ಹಿಡಿದೆಳೆಯಲು ತೂತುಗಳು. ಒಂದೊಂದು ಚಿತ್ರಕ್ಕೆ ನಾಲ್ಕು ತೂತಿನ ಎತ್ತರ. ಹೀಗೆ ಹುಟ್ಟಿದ ಚಿತ್ರ ಒಂದು ಇಂಚು ಅಗಲ, ಮುಕ್ಕಾಲು ಇಂಚು ಎತ್ತರ. ಭಾಗಿಸಿದರೆ 1.33, ಹಳೆಯ ಟೀವಿಯ 4:3 ಇದೇ. 1920ರ ದಶಕದ ಕೊನೆಗೆ ಮಾತು ಬಂತು. ಧ್ವನಿಯ ಪಟ್ಟಿಗೆ ಫಿಲ್ಮಿನ ಒಂದು ಬದಿಯಲ್ಲಿ ಜಾಗ ಬಿಡಬೇಕಾಗಿ ಚಿತ್ರ ಹೆಚ್ಚುಕಡಿಮೆ ಚೌಕವಾಯಿತು. ಅದು ಯಾರಿಗೂ ಹಿಡಿಸಲಿಲ್ಲ. 1932ರಲ್ಲಿ ಹಾಲಿವುಡ್‌ನ ಅಕಾಡೆಮಿ ಮೇಲೆ ಕೆಳಗೆ ಸ್ವಲ್ಪ ಮುಚ್ಚಿ 1.37 ಎಂದು ಗೊತ್ತುಮಾಡಿತು. ‘ಪಥೇರ್ ಪಾಂಚಾಲಿ’ ಬಂದ 1955ರಲ್ಲೂ ಭಾರತದಲ್ಲಿ ಸಿನಿಮಾ ಎಂದರೆ ಈ ಆಕಾರವೇ.

ಅಮೆರಿಕದಲ್ಲಿ ಅಷ್ಟರಲ್ಲಿ ಟೀವಿಯ ಭಯ ಶುರುವಾಗಿತ್ತು. ಮನೆಯಲ್ಲಿ ಸಿಗದ್ದನ್ನು ಥಿಯೇಟರಿನಲ್ಲಿ ಕೊಡಬೇಕಲ್ಲ? 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಮೂರು ಪ್ರೊಜೆಕ್ಟರುಗಳು ಒಂದು ದೊಡ್ಡ ಬಾಗಿದ ಪರದೆಯ ಮೇಲೆ ಒಟ್ಟಿಗೆ ಚಿತ್ರ ಬೀರುವ ಸಿನೆರಾಮಾ ಬಂತು. ಮೂರು ಪ್ರೊಜೆಕ್ಟರು, ಮೂರು ಕ್ಯಾಬಿನ್ನು ಇಡಲು ಎಷ್ಟು ಥಿಯೇಟರಿಗೆ ಸಾಧ್ಯ? ಮರುವರ್ಷವೇ ‘ದ ರೋಬ್’ ಚಿತ್ರದೊಂದಿಗೆ ಅಗ್ಗದ ದಾರಿ ಸಿಕ್ಕಿತು, ಅದೇ ಸಿನಿಮಾಸ್ಕೋಪ್. ಫ್ರಾನ್ಸಿನ ಆನ್ರಿ ಕ್ರೆತಿಯೆನ್ 1920ರ ದಶಕದಲ್ಲೇ ಮಾಡಿಟ್ಟಿದ್ದ ಒಂದು ಮಸೂರ ಇದರ ಗುಟ್ಟು. ದುಂಡು ಬಳೆಯನ್ನು ಎರಡೂ ಬದಿಯಿಂದ ಒತ್ತಿ ಹಿಡಿದ ಹಾಗೆ, ಈ ಮಸೂರ ನೋಟವನ್ನು ಅಗಲದಲ್ಲಿ ಮಾತ್ರ ಅರ್ಧಕ್ಕೆ ಒತ್ತಿ ಫಿಲ್ಮಿನಲ್ಲಿ ಕೂರಿಸುತ್ತದೆ. ಫಿಲ್ಮ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲರೂ ಬಡಕಲು, ಕೋಲುಮುಖ. ಥಿಯೇಟರಿನಲ್ಲಿ ಇದೇ ಬಗೆಯ ಮಸೂರ ಅಗಲವನ್ನು ಎರಡು ಪಟ್ಟು ಬಿಡಿಸುತ್ತದೆ. ಪ್ರೊಜೆಕ್ಟರಿನ ಗೇಟಿನಲ್ಲಿ ಕಾಣುವ ಚಿತ್ರ ಸುಮಾರು 21 ಮಿಲಿಮೀಟರ್ ಅಗಲ, 17.5 ಮಿಲಿಮೀಟರ್ ಎತ್ತರ. ಅಗಲವನ್ನು ಇಮ್ಮಡಿ ಮಾಡಿ ಭಾಗಿಸಿ ನೋಡಿ, 2.39ರ ಆಸುಪಾಸು ಬರುತ್ತದೆ. ಮೊದಲು 2.35 ಇತ್ತು. ನೆಗೆಟಿವ್ ಅಂಟಿಸಿದ ಜಾಗ ಪರದೆಯ ಅಂಚಿನಲ್ಲಿ ಪಳಕ್ಕನೆ ಮಿಂಚುತ್ತಿತ್ತೆಂದು 1970ರಲ್ಲಿ ಎತ್ತರವನ್ನು ಕೂದಲೆಳೆಯಷ್ಟು ಕಡಿಮೆ ಮಾಡಿದರು. ಗಾಂಧಿನಗರದ ಭಾಷೆಯಲ್ಲಿ ಅದು ಈಗಲೂ ‘ಟೂ ತ್ರೀ ಫೈವ್’ ಅಷ್ಟೇ.

ಸಿನಿಮಾಸ್ಕೋಪನ್ನು ಭಾರತಕ್ಕೆ ತಂದ ‘ಕಾಗಜ್ ಕೇ ಫೂಲ್’ (1959) ಚಿತ್ರದ ಕ್ಯಾಮೆರಾ ಹಿಂದಿದ್ದವರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಲ್ಲಿ ಹಿಡಿದು ಸ್ಟುಡಿಯೋ ಒಳಗೆ ಒಂದು ಬೆಳಕಿನ ಕೋಲಾಗಿ ಇಳಿಸಿದ, ಆ ಚಿತ್ರದ ಒಂದು ಹಾಡಿನ ದೃಶ್ಯದಲ್ಲಿ, ಇಬ್ಬರು ಮನುಷ್ಯರಷ್ಟೇ ಮುಖ್ಯವಾದದ್ದು ಅವರ ನಡುವೆ ಬಿಟ್ಟ ಖಾಲಿ ಜಾಗ. ಎರಡೂ ಬದಿ ಕತ್ತರಿಸಿ ಅದನ್ನು 4:3ರ ಟೀವಿಗೆ ತುಂಬಿಸಿದರೆ ಖಾಲಿ ಜಾಗ ಉಳಿಯುತ್ತದೆ, ಮನುಷ್ಯರು ಹೊರಗೆ ಹೋಗುತ್ತಾರೆ! ದೂರದರ್ಶನದ ಕಾಲದವರಿಗೆ ನೆನಪಿರಬಹುದು: ಹೆಸರುಗಳು ಓಡುವ ತನಕ ಪೂರ್ತಿ ಅಗಲ, ಕಥೆ ಶುರುವಾದ ಕೂಡಲೇ ಎರಡೂ ಬದಿ ಮಾಯ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದೊಂದಿಗೆ.

ಹಾಲಿವುಡ್‌ನ ಎಲ್ಲ ಸ್ಟುಡಿಯೋಗಳೂ ಹೊಸ ಮಸೂರಕ್ಕೆ ದುಡ್ಡು ಹಾಕಲಿಲ್ಲ. ಕೆಲವರು ಮಾಮೂಲಿ ಚಿತ್ರವನ್ನೇ ತೆಗೆದು, ಪ್ರೊಜೆಕ್ಟರಿನ ಗೇಟಿಗೆ ಕಿರಿದಾದ ಕಿಂಡಿಯ ತಗಡು ಹಾಕಿ ಮೇಲೆ ಕೆಳಗೆ ಮುಚ್ಚಿದರು. ಒಬ್ಬರು 1.66 ಎಂದರು, ಇನ್ನೊಬ್ಬರು 1.85 ಎಂದರು. ಕೊನೆಗೆ ಗೆದ್ದದ್ದು 1.85. ಮುಚ್ಚಿದ ಭಾಗದಲ್ಲಿ ಚಿತ್ರ ಹಾಗೇ ಇರುತ್ತಿದ್ದುದರಿಂದ ಟೀವಿಯಲ್ಲಿ ಕೆಲವೊಮ್ಮೆ ನಾಯಕನ ತಲೆಯ ಮೇಲೆ ತೂಗಾಡುವ ಮೈಕ್ ಕಾಣುತ್ತಿತ್ತು.

ಹೀಗೆ ಐವತ್ತು ವರ್ಷ ಓಡಿದ ಮೇಲೆ ಥಿಯೇಟರುಗಳಲ್ಲಿ ಗಟ್ಟಿಯಾಗಿ ಉಳಿದ ಆಕಾರಗಳು ಎರಡು: 1.85ರ ಫ್ಲಾಟ್, 2.39ರ ಸ್ಕೋಪ್. ಡಿಜಿಟಲ್ ಬಂದಾಗ ಎಲ್ಲ ಬದಲಾಗಬಹುದಿತ್ತು, ಬದಲಾಗಲಿಲ್ಲ. 2002ರಲ್ಲಿ ಹಾಲಿವುಡ್‌ನ ಏಳು ಸ್ಟುಡಿಯೋಗಳು ಸೇರಿ ಡಿಸಿಐ ಎಂಬ ಕೂಟ ಕಟ್ಟಿಕೊಂಡವು. 2005ರ ಜುಲೈನಲ್ಲಿ ಅದರ ನಿಯಮಾವಳಿ ಹೊರಬಂತು. ಅದರ ಪ್ರಕಾರ 2ಕೆ ಚಿತ್ರದ ಗರಿಷ್ಠ ಅಂಗಳ 2048 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ. 4ಕೆಗೆ ಎರಡೂ ಇಮ್ಮಡಿ. ಈ ಅಂಗಳದೊಳಗೆ ಫ್ಲಾಟ್ ಅಂದರೆ 1998×1080. ಎತ್ತರ ಪೂರ್ತಿ, ಅಗಲ ಸ್ವಲ್ಪ ಕಡಿಮೆ. ಸ್ಕೋಪ್ ಅಂದರೆ 2048×858. ಅಗಲ ಪೂರ್ತಿ, ಎತ್ತರ ಕಡಿಮೆ.

ಗುಣಿಸಿ ನೋಡಿದರೆ ಇಲ್ಲೊಂದು ತಮಾಷೆ ಇದೆ. ಫ್ಲಾಟ್‌ನಲ್ಲಿ 21.5 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, ಸ್ಕೋಪ್‌ನಲ್ಲಿ 17.5 ಲಕ್ಷ ಚಿಲ್ಲರೆ. ಫಿಲ್ಮಿನಲ್ಲಿ ಇದು ತಿರುಗುಮುರುಗಾಗಿತ್ತು: ಸ್ಕೋಪ್ ಚಿತ್ರಕ್ಕೆ 17.5 ಮಿಲಿಮೀಟರ್ ಎತ್ತರ, ಫ್ಲಾಟ್ ಚಿತ್ರಕ್ಕೆ 11.3 ಮಾತ್ರ. ದೊಡ್ಡ ಪರದೆಗೆ ಹೆಚ್ಚು ಫಿಲ್ಮು ಎಂಬುದು ಸಿನಿಮಾಸ್ಕೋಪಿನ ಇಡೀ ತರ್ಕ. ಡಿಜಿಟಲ್‌ನಲ್ಲಿ ಮಸೂರದ ಆ ಒತ್ತುವ ಬಿಡಿಸುವ ಕೆಲಸ ನಿಂತುಹೋಗಿ, ಸ್ಕೋಪ್ ಅಂದರೆ ಮೇಲೆ ಕೆಳಗೆ ಖಾಲಿ ಬಿಟ್ಟ ಚಿತ್ರ ಅಷ್ಟೇ ಆಯಿತು. ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ‘ಸಿನಿಮಾಸ್ಕೋಪ್’ ಎಂದು ಅಚ್ಚು ಹಾಕಿಸುತ್ತಿದ್ದ ದಿನಗಳ ಹೆಮ್ಮೆಗೆ ಈಗ ತಾಂತ್ರಿಕವಾಗಿ ಆಧಾರವಿಲ್ಲ.

ಥಿಯೇಟರಿಗೆ ಹೋಗುವ ಈ ಡಿಜಿಟಲ್ ಪ್ರತಿಗೆ ಡಿಸಿಪಿ ಎಂದು ಹೆಸರು. ಅದು ಒಂದೇ ಫೈಲಲ್ಲ, ಒಂದು ಫೋಲ್ಡರು. ಚಿತ್ರಕ್ಕೊಂದು ಫೈಲು, ಧ್ವನಿಗೊಂದು ಫೈಲು, ಯಾವುದರ ನಂತರ ಯಾವುದು ಓಡಬೇಕೆಂದು ಹೇಳುವ ಪಟ್ಟಿಗಳು. ಚಿತ್ರದ ಫೈಲಿನಲ್ಲಿ ಪ್ರತಿಯೊಂದು ಫ್ರೇಮೂ ಜೆಪೆಗ್ 2000 ಎಂಬ ಬಗೆಯ ಬಿಡಿ ಫೋಟೋ. ಸೆಕೆಂಡಿಗೆ 24 ಫ್ರೇಮು, ಸೆಕೆಂಡಿಗೆ ಗರಿಷ್ಠ 250 ಮೆಗಾಬಿಟ್. ಅಂದರೆ ಒಂದು ಫ್ರೇಮಿಗೆ ಹೆಚ್ಚೆಂದರೆ 1.3 ಎಂಬಿ. ಎರಡು ಗಂಟೆಯ ಸಿನಿಮಾ 225 ಜಿಬಿ ತನಕ ಹೋಗಬಹುದು. ನಮ್ಮ ಊರುಗಳ ಎಷ್ಟೋ ಟಾಕೀಸುಗಳಿಗೆ ಡಿಜಿಟಲ್ ಬಂದದ್ದು ಹಾಲಿವುಡ್‌ನ ಈ ನಿಯಮಾವಳಿಯಿಂದಲ್ಲ, ಯುಎಫ್‌ಒ, ಕ್ಯೂಬ್‌ನಂಥ ಕಂಪನಿಗಳ ವ್ಯವಸ್ಥೆಗಳಿಂದ. ಪರದೆಯ ಆಕಾರದ ಮಟ್ಟಿಗೆ ಅಲ್ಲೂ ಮಾತು ಅದೇ: ಫ್ಲಾಟೋ ಸ್ಕೋಪೋ?

ಈ ಪ್ರಶ್ನೆ ಏಕೆ ಅಷ್ಟು ದೊಡ್ಡದು ಎಂದರೆ, ಕ್ಯಾಬಿನ್ನಿನಲ್ಲಿ ಇರುವ ಗುಂಡಿಗಳು ಎರಡೇ. ಒಂದನ್ನು ಒತ್ತಿದರೆ ಮಸೂರ ಫ್ಲಾಟ್‌ಗೆ ತಕ್ಕಂತೆ ಜರುಗುತ್ತದೆ, ಇನ್ನೊಂದನ್ನು ಒತ್ತಿದರೆ ಸ್ಕೋಪ್‌ಗೆ. ಪರದೆಯ ಅಂಚಿನ ಕಪ್ಪು ಪರದೆಗಳು, ಅಂದರೆ ಮಾಸ್ಕಿಂಗ್ ಇದ್ದರೆ ಅವೂ ಅದರ ಜೊತೆ ಸರಿಯುತ್ತವೆ. ನಿಮ್ಮ ಚಿತ್ರ 1.66 ಇರಲಿ, 2:1 ಇರಲಿ, ಚೌಕವೇ ಇರಲಿ, ಈ ಎರಡರಲ್ಲಿ ಒಂದರೊಳಗೆ ಅದನ್ನು ಕೂರಿಸಿ ಉಳಿದ ಜಾಗಕ್ಕೆ ನೀವೇ ಕಪ್ಪು ತುಂಬಿ ಕಳಿಸಬೇಕು. ವಿಚಿತ್ರ ಅಳತೆಯ ಡಿಸಿಪಿ ಮಾಡಿ ಕಳಿಸಿದರೆ ಆಪರೇಟರ್ ಅದನ್ನು ಸರಿಮಾಡಿಕೊಳ್ಳುತ್ತಾನೆ ಎಂದು ನಂಬುವವರಿದ್ದಾರೆ. ಬೆಳಗಿನ ಆಟಕ್ಕೆ ಹತ್ತು ನಿಮಿಷ ಇರುವಾಗ ಅವನಿಗೆ ಅದಕ್ಕೆ ಪುರುಸೊತ್ತು ಇರುವುದಿಲ್ಲ.

ಈಗ ಹೆಚ್ಚಾಗಿ ಎದುರಾಗುವ ಎಡವಟ್ಟೊಂದನ್ನು ಹತ್ತಿರದಿಂದ ನೋಡೋಣ. ನಿರ್ದೇಶಕ ಸ್ಕೋಪ್ ಆಗಬೇಕೆಂದು ತೆಗೆದ ಕಿರುಚಿತ್ರ. ಎಡಿಟಿಂಗ್ ಟೈಮ್‌ಲೈನ್ ಮಾತ್ರ ಮಾಮೂಲಿ ಫುಲ್ ಎಚ್‌ಡಿ, 1920×1080. ಎಡಿಟರ್ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿದ್ದಾನೆ. ನಡುವೆ ಚಿತ್ರದ ಎತ್ತರ 804. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಚೆಂದ, ಥೇಟ್ ಸಿನಿಮಾದ ಹಾಗೆ. ಅದನ್ನೇ ಎಕ್ಸ್‌ಪೋರ್ಟ್ ಮಾಡಿ ಡಿಸಿಪಿ ತಂತ್ರಾಂಶಕ್ಕೆ ಹಾಕುತ್ತಾನೆ. ಅಲ್ಲಿ ‘ಸ್ಕೋಪ್’ ಎಂದು ಆರಿಸುತ್ತಾನೆ, ಸಿನಿಮಾ ಸ್ಕೋಪ್ ತಾನೇ?

ತಂತ್ರಾಂಶಕ್ಕೆ ಕಪ್ಪು ಪಟ್ಟಿ ಯಾವುದು, ಚಿತ್ರ ಯಾವುದು ಎಂಬ ಭೇದ ತಿಳಿಯದು. ಅದರ ಪಾಲಿಗೆ 1920×1080 ಪೂರ್ತಿ ಚಿತ್ರವೇ. 1080ರ ಎತ್ತರವನ್ನು 858ಕ್ಕೆ ಇಳಿಸುತ್ತದೆ, ಅಗಲ ಅದೇ ಪ್ರಮಾಣದಲ್ಲಿ 1525ಕ್ಕೆ ಬರುತ್ತದೆ. ಪಟ್ಟಿಗಳ ನಡುವಿನ ನಿಜವಾದ ಚಿತ್ರದ ಎತ್ತರ 804ರಿಂದ 639ಕ್ಕೆ ಇಳಿದಿದೆ. 2048×858ರ ಪರದೆಯಲ್ಲಿ 1525×639ರ ಚಿತ್ರ: ಒಟ್ಟು ಜಾಗದಲ್ಲಿ ಶೇಕಡ 55. ನಾಲ್ಕೂ ಕಡೆ ಕಪ್ಪು, ನಡುವೆ ತೇಲುವ ಕಿಟಕಿ. ಚಿತ್ರೋತ್ಸವಗಳಲ್ಲಿ ಇಂಥದ್ದನ್ನು ನೀವೂ ನೋಡಿರಬಹುದು. ಪ್ರೊಜೆಕ್ಟರ್ ಸರಿಯಿಲ್ಲ ಎಂದು ಪ್ರೇಕ್ಷಕರು ಹಿಂದಕ್ಕೆ ತಿರುಗಿ ಕ್ಯಾಬಿನ್ ಕಡೆ ನೋಡುತ್ತಾರೆ. ಪಾಪ, ಆಪರೇಟರ್ ಕಳಿಸಿದ್ದನ್ನು ಹಾಕಿದ್ದಾನೆ.

ಪರಿಹಾರ ಸರಳ. ಮೊದಲು ಮೇಲಿಂದ 138, ಕೆಳಗಿಂದ 138 ಗೆರೆಗಳನ್ನು ಕತ್ತರಿಸಬೇಕು. ಉಳಿಯುವುದು 1920×804. ಅದನ್ನು 2048×858ಕ್ಕೆ ಹಿಗ್ಗಿಸಬೇಕು. ಹಿಗ್ಗುವುದು ಶೇಕಡ 6.7 ಮಾತ್ರ, ಚಿತ್ರ ಮಂದವಾಯಿತೆಂದು ಯಾರ ಕಣ್ಣಿಗೂ ಬೀಳದು. ಇನ್ನೂ ಒಳ್ಳೆಯದೆಂದರೆ ಮೂಲ ದೃಶ್ಯಗಳು 4ಕೆ ಇದ್ದರೆ ಟೈಮ್‌ಲೈನನ್ನೇ 2048×858ಕ್ಕೆ ಬದಲಿಸಿ ಅಲ್ಲಿಂದ ಎಕ್ಸ್‌ಪೋರ್ಟ್ ಮಾಡುವುದು. ಕತ್ತರಿಸುವ ಮುಂಚೆ ಒಂದನ್ನು ನೋಡಿಕೊಳ್ಳಿ: ಸಬ್‌ಟೈಟಲ್ ಎಲ್ಲಿದೆ? ಎಷ್ಟೋ ಜನ ಅದನ್ನು ಕೆಳಗಿನ ಕಪ್ಪು ಪಟ್ಟಿಯ ಮೇಲೆ ಬರೆದಿರುತ್ತಾರೆ, ಅಲ್ಲಿ ಓದಲು ಚೆನ್ನಾಗಿರುತ್ತದಲ್ಲ. ಪಟ್ಟಿ ಕತ್ತರಿಸಿದರೆ ಅಕ್ಷರವೂ ಹೋಯಿತು. ಸಬ್‌ಟೈಟಲ್ಲನ್ನು ಚಿತ್ರದ ಮೇಲೆ ಅಚ್ಚು ಮಾಡದೆ ಪ್ರತ್ಯೇಕ ಫೈಲಾಗಿ ಇಡುವ ಸೌಲಭ್ಯ ಡಿಸಿಪಿಯಲ್ಲೇ ಇದೆ. ಪರದೆಯ ಎತ್ತರದ ಎಷ್ಟನೇ ಪಾಲಿನಲ್ಲಿ ಅಕ್ಷರ ಕೂರಬೇಕೆಂದು ಅದರಲ್ಲೇ ಹೇಳಬಹುದು.

ಪಟ್ಟಿಯಿಲ್ಲದ ಮಾಮೂಲಿ 16:9 ಚಿತ್ರದ್ದು ಇಷ್ಟು ತಲೆನೋವಿಲ್ಲ. ಆ 16:9 ಎಂಬ ಅಳತೆಯೇ ಒಂದು ಜಾಣ ರಾಜಿ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರ್, ಬಳಕೆಯಲ್ಲಿದ್ದ ಎಲ್ಲ ಆಕಾರಗಳ ಆಯತಗಳನ್ನು ಒಂದೇ ವಿಸ್ತೀರ್ಣಕ್ಕೆ ಕತ್ತರಿಸಿ, ನಡುಬಿಂದು ಕೂಡುವಂತೆ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತವೂ, ಎಲ್ಲಕ್ಕೂ ಸಾಮಾನ್ಯವಾದ ಒಳಗಿನ ಆಯತವೂ ಎರಡೂ 1.77ರ ಆಕಾರದವು. 1.33ನ್ನೂ 2.35ನ್ನೂ ಗುಣಿಸಿ ವರ್ಗಮೂಲ ತೆಗೆದರೂ ಅದೇ ಬರುತ್ತದೆ. ಮುಂದೆ ಜಗತ್ತಿನ ಟೀವಿಗಳೆಲ್ಲ ಆ ಆಕಾರಕ್ಕೆ ತಿರುಗಿದವು. ಸಿನಿಮಾ ಥಿಯೇಟರು ಮಾತ್ರ ತಿರುಗಲಿಲ್ಲ.

1920×1080ನ್ನು ಫ್ಲಾಟ್‌ನ 1998×1080ರಲ್ಲಿ ಇಟ್ಟರೆ ಎತ್ತರ ಸರಿಯಾಗಿ ಕೂರುತ್ತದೆ, ಎಡಕ್ಕೆ 39 ಬಲಕ್ಕೆ 39 ಪಿಕ್ಸೆಲ್ ಕಪ್ಪು ಉಳಿಯುತ್ತದೆ. ಹತ್ತು ಮೀಟರ್ ಅಗಲದ ಪರದೆಯಲ್ಲಿ ಅದು ಒಂದೊಂದು ಬದಿಗೆ ಸುಮಾರು 20 ಸೆಂಟಿಮೀಟರ್. ಈ 20 ಸೆಂಟಿಮೀಟರನ್ನು ಸಹಿಸಲಾರದೆ ಜನ ಎರಡು ಬೇರೆ ದಾರಿ ಹಿಡಿಯುತ್ತಾರೆ. ಒಂದು, ಚಿತ್ರವನ್ನು ಅಗಲಕ್ಕೆ ಸರಿಯಾಗಿ ಹಿಗ್ಗಿಸಿ, 1124 ಗೆರೆ ಆದದ್ದರಲ್ಲಿ ಮೇಲೆ 22 ಕೆಳಗೆ 22 ಕತ್ತರಿಸುವುದು. ಹಿಗ್ಗಿಸುವಾಗ ಪ್ರತಿ ಪಿಕ್ಸೆಲನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗಿ ಸಣ್ಣ ಅಕ್ಷರಗಳ ಅಂಚು ಮೆತ್ತಗಾಗುತ್ತದೆ, ತಲೆಗೂದಲಿಗೆ ತಾಗಿದಂತೆ ಚೌಕಟ್ಟು ಹಿಡಿದ ಕಡೆ ತಲೆ ತುಸು ಹೋಗುತ್ತದೆ. ಮಾಡಬಾರದ್ದೇನಲ್ಲ, ಅಗತ್ಯವಿಲ್ಲ. ಎರಡನೆಯದು, ಅಗಲವನ್ನು ಮಾತ್ರ ಎಳೆದು ತುಂಬಿಸುವುದು. ಎಳೆತ ಶೇಕಡ 4ರಷ್ಟೇ, ಯಾರಿಗೆ ಗೊತ್ತಾಗುತ್ತದೆ ಎನ್ನುತ್ತಾರೆ. ಮುಖ ಗೊತ್ತಿರುವ ನಟಿಗೆ ಗೊತ್ತಾಗುತ್ತದೆ! ಚಿತ್ರವನ್ನು ಕತ್ತರಿಸುವುದಕ್ಕೆ ಕೆಲವೊಮ್ಮೆ ಕಾರಣ ಇರಬಹುದು, ಎಳೆಯುವುದಕ್ಕೆ ಎಂದೂ ಇರುವುದಿಲ್ಲ.

ನಿಜಕ್ಕೂ ತಲೆ ಕೆರೆದುಕೊಳ್ಳಬೇಕಾದದ್ದು 2:1ರ ಚಿತ್ರ ಬಂದಾಗ. ಇಟಲಿಯ ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ 1998ರಲ್ಲಿ, ಟೀವಿಗೂ ಥಿಯೇಟರಿಗೂ ಒಂದೇ ಅಳತೆ ಇರಲಿ ಎಂದು ಸೂಚಿಸಿದ್ದು ಇದನ್ನು. ಓಟಿಟಿ ಸರಣಿಗಳಲ್ಲಿ ಈಗ ಇದು ಸಾಮಾನ್ಯ. 2:1 ಅಂದರೆ ಫ್ಲಾಟ್‌ಗಿಂತ ಅಗಲ, ಸ್ಕೋಪ್‌ಗಿಂತ ಕಿರಿದು. ಎತ್ತ ಹಾಕಬೇಕು? ಉತ್ತರ ಚಿತ್ರದಲ್ಲಿಲ್ಲ, ಥಿಯೇಟರಿನ ಗೋಡೆಯಲ್ಲಿದೆ.

ಥಿಯೇಟರುಗಳಲ್ಲಿ ಎರಡು ಜಾತಿ. ಮೊದಲ ಜಾತಿಯಲ್ಲಿ ಪರದೆ ಸ್ಕೋಪ್ ಆಕಾರದ್ದು, ಎತ್ತರ ಬದಲಾಗುವುದಿಲ್ಲ. ಫ್ಲಾಟ್ ಸಿನಿಮಾ ಹಾಕಿದರೆ ಎರಡೂ ಬದಿಯ ಕಪ್ಪು ಪರದೆ ಒಳಗೆ ಸರಿದು ಚಿತ್ರ ಕಿರಿದಾಗುತ್ತದೆ. ಹಳೆಯ ದೊಡ್ಡ ಟಾಕೀಸುಗಳಲ್ಲಿ ಇದು ಹೆಚ್ಚು. ಸ್ಕೋಪ್ ಚಿತ್ರ ಶುರುವಾಗುವಾಗ ಪರದೆ ಎರಡೂ ಕಡೆ ಸರಸರ ತೆರೆದುಕೊಂಡರೆ ಆಗುವ ರೋಮಾಂಚನಕ್ಕೆ ಹೊಸ ಮಲ್ಟಿಪ್ಲೆಕ್ಸಿನಲ್ಲಿ ಸಮನಾದದ್ದು ಏನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಎರಡನೆಯ ಜಾತಿಯಲ್ಲಿ ಪರದೆ ಫ್ಲಾಟ್ ಆಕಾರದ್ದು, ಗೋಡೆಯಿಂದ ಗೋಡೆಗೆ. ಅಲ್ಲಿ ಅಗಲ ಬದಲಾಗುವುದಿಲ್ಲ. ಸ್ಕೋಪ್ ಹಾಕಿದರೆ ಮೇಲೆ ಕೆಳಗೆ ಖಾಲಿ ಬೀಳುತ್ತದೆ.

ಎರಡಕ್ಕೂ ಪರದೆಯ ಅಗಲ 12 ಮೀಟರ್ ಎಂದಿಟ್ಟುಕೊಳ್ಳಿ. ಮೊದಲನೆಯ ಥಿಯೇಟರಿನಲ್ಲಿ ಎತ್ತರ ಸುಮಾರು 5 ಮೀಟರ್. 2:1 ಚಿತ್ರವನ್ನು ಸ್ಕೋಪ್ ಒಳಗೆ ಇಟ್ಟು ಕಳಿಸಿದರೆ 10 ಮೀಟರ್ ಅಗಲ, 5 ಮೀಟರ್ ಎತ್ತರ, ಅಂದರೆ 50 ಚದರ ಮೀಟರ್ ಚಿತ್ರ. ಫ್ಲಾಟ್ ಒಳಗೆ ಇಟ್ಟರೆ 9.3 ಅಗಲ, 4.6 ಎತ್ತರ, ಸುಮಾರು 43 ಚದರ ಮೀಟರ್. ಇಲ್ಲಿ ಸ್ಕೋಪ್ ಮೇಲು. ಎರಡನೆಯ ಥಿಯೇಟರಿಗೆ ಬನ್ನಿ. ಅಲ್ಲಿ ಫ್ಲಾಟ್ ಒಳಗೆ ಇಟ್ಟರೆ 12 ಅಗಲ, 6 ಎತ್ತರ, 72 ಚದರ ಮೀಟರ್. ಸ್ಕೋಪ್ ಒಳಗೆ ಇಟ್ಟರೆ ಮತ್ತೆ ಅದೇ 50, ಅದೂ ನಾಲ್ಕೂ ಕಡೆ ಕಪ್ಪಿನ ನಡುವೆ. ಯಾವ ಥಿಯೇಟರೆಂದು ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಮಾಡಿ. ಗೊತ್ತಿಲ್ಲದಿದ್ದರೆ ಫ್ಲಾಟ್ ಹಾಕಿ: ತಪ್ಪಿದರೆ ನಷ್ಟ ಶೇಕಡ 14. ಸ್ಕೋಪ್ ಹಾಕಿ ತಪ್ಪಿದರೆ ನಷ್ಟ ಶೇಕಡ 30.

4:3 ಚಿತ್ರಕ್ಕೆ ಈ ಗೊಂದಲವೂ ಇಲ್ಲ. ಫ್ಲಾಟ್‌ನಲ್ಲಿ ಅದಕ್ಕೆ 1440×1080 ಜಾಗ ಸಿಗುತ್ತದೆ, ಎರಡೂ ಬದಿಗೆ 279 ಪಿಕ್ಸೆಲ್ ಕಪ್ಪು. ಸ್ಕೋಪ್‌ನಲ್ಲಿ 1144×858 ಮಾತ್ರ. ಯಾವ ಜಾತಿಯ ಥಿಯೇಟರಿನಲ್ಲೂ ಫ್ಲಾಟ್ ಇದಕ್ಕೆ ಹಿಂದೆ ಬೀಳುವುದಿಲ್ಲ. ನಿಲುವಾಗಿ ಹಿಡಿದ ಮೊಬೈಲ್ ವಿಡಿಯೊಗೂ ಇದೇ ನಿಯಮ. ಅದು ಫ್ಲಾಟ್ ಪರದೆಯ ಶೇಕಡ 30ರಷ್ಟನ್ನು ಮಾತ್ರ ತುಂಬುತ್ತದೆ. ಉಳಿದ ಶೇಕಡ 70ಕ್ಕೆ ಅದೇ ಚಿತ್ರದ ಮಸುಕು ನೆರಳನ್ನು ಹರಡುವ ಟೀವಿ ಚಾನೆಲ್‌ಗಳ ಚಾಳಿಯನ್ನು ದಯವಿಟ್ಟು ಥಿಯೇಟರಿಗೆ ತರಬೇಡಿ. ಕತ್ತಲೆ ಹಾಲ್‌ನಲ್ಲಿ ಕಪ್ಪು ಕಣ್ಣಿಗೆ ಬೀಳುವುದಿಲ್ಲ, ಅಲುಗಾಡುವ ಮಸುಕು ಬೀಳುತ್ತದೆ.

ಹಳೆಯ ಕ್ಯಾಸೆಟ್‌ನಿಂದ ಬಂದ ಸಾಕ್ಷ್ಯಚಿತ್ರವಾದರೆ ಇನ್ನೊಂದು ಮುಳ್ಳಿದೆ. ಭಾರತದ ಟೀವಿ ಪದ್ಧತಿಯ ಡಿಜಿಟಲ್ ಕ್ಯಾಸೆಟ್ ಚಿತ್ರದ ಅಳತೆ 720×576. ಭಾಗಿಸಿದರೆ 1.25, ಆದರೆ ತೋರಿಸಬೇಕಾದದ್ದು 1.33. ಈ ಪಿಕ್ಸೆಲ್‌ಗಳು ಚೌಕವಲ್ಲ, ಅಗಲದಲ್ಲಿ ತುಸು ದಪ್ಪ. ಕಂಪ್ಯೂಟರ್ ಅವನ್ನು ಚೌಕವೆಂದು ತಿಳಿದರೆ ಪರದೆಯ ಮೇಲೆ ಎಲ್ಲರೂ ಶೇಕಡ 6ರಷ್ಟು ತೆಳ್ಳಗಾಗುತ್ತಾರೆ. ಅಳತೆಗಳಲ್ಲಿ ತಲೆ ಕೆಟ್ಟರೆ ಚಿತ್ರದಲ್ಲಿ ದುಂಡಗಿನ ವಸ್ತುವೊಂದನ್ನು ಹುಡುಕಿ: ನೇರ ಎದುರಿಗೆ ನಿಂತ ಗಾಡಿಚಕ್ರ, ಗೋಡೆ ಗಡಿಯಾರ, ಡೊಳ್ಳಿನ ಮುಖ. ಪರದೆಗೆ ಸ್ಕೇಲ್ ಹಿಡಿದು ಅಗಲ ಎತ್ತರ ಅಳೆಯಿರಿ. ಎರಡೂ ಒಂದೇ ಇದ್ದರೆ ಸರಿ. ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಯಾವ ತಂತ್ರಾಂಶದಲ್ಲೂ ಇಲ್ಲ.

ಆಕಾರವನ್ನೇ ಕಥೆಯ ಭಾಗ ಮಾಡಿಕೊಂಡವರೂ ಇದ್ದಾರೆ. ವೆಸ್ ಆಂಡರ್ಸನ್ ‘ದ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್’ (2014) ಚಿತ್ರದಲ್ಲಿ ಕಾಲ ಬದಲಾದಂತೆ ಚೌಕಟ್ಟನ್ನೂ ಬದಲಿಸಿದರು. 1930ರ ದಶಕದ ಕಥೆ ಆ ಕಾಲದ 1.37ರಲ್ಲೇ ಇದೆ. ಆಂಗ್ ಲೀ ‘ಲೈಫ್ ಆಫ್ ಪೈ’ (2012)ನ ಹಾರುಮೀನಿನ ದೃಶ್ಯದಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ತಂದು, ಮೀನುಗಳನ್ನು ಆ ಪಟ್ಟಿಯ ಮೇಲೇ ಹಾರಿಸಿದರು. ಪಟ್ಟಿ ದಾಟಿದ ಮೀನು ಪರದೆಯಿಂದಲೇ ಹೊರಬಂದಂತೆ ಕಾಣುತ್ತದೆ. ಇಂಥ ಆಟಗಳಲ್ಲೂ ಹೊರಗಿನ ಅಳತೆ ಮೊದಲಿಂದ ಕೊನೆವರೆಗೆ ಒಂದೇ. ಬದಲಾಗುವುದು ಒಳಗಿನ ಕಪ್ಪು. ಸಿನಿಮಾ ನಡುವೆ ಆಪರೇಟರ್ ಗುಂಡಿ ಒತ್ತುತ್ತಾ ಕೂರುವಂತಿಲ್ಲವಲ್ಲ. ಹಲವು ಕಿರುಚಿತ್ರಗಳನ್ನು ಒಂದೇ ಡಿಸಿಪಿಗೆ ಪೋಣಿಸುವ ಚಿತ್ರೋತ್ಸವದವರೂ ಇದನ್ನೇ ಅನುಸರಿಸಬೇಕು. ಎಲ್ಲವನ್ನೂ ಫ್ಲಾಟ್‌ಗೆ ಹಾಕಿ, ಸ್ಕೋಪ್ ಚಿತ್ರಗಳಿಗೆ ಮೇಲೆ ಕೆಳಗೆ ಕಪ್ಪು ಬಿಡಿ.

ಆಕಾರ ಸರಿಹೋದರೆ ಉಳಿದ ಬದಲಾವಣೆಗಳನ್ನು ತಂತ್ರಾಂಶವೇ ಹೆಚ್ಚುಕಡಿಮೆ ಮಾಡಿಕೊಡುತ್ತದೆ. ಟೀವಿಯ ಬಣ್ಣದ ಲೆಕ್ಕವನ್ನು ಸಿನಿಮಾದ ಎಕ್ಸ್‌ವೈಝೆಡ್ ಲೆಕ್ಕಕ್ಕೆ ತಿರುಗಿಸುವುದು ಅದರ ಪಾಡು. ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆದದ್ದನ್ನು 24ಕ್ಕೆ ಇಳಿಸಿದರೆ ಚಿತ್ರ ಶೇಕಡ 4ರಷ್ಟು ನಿಧಾನವಾಗುತ್ತದೆ, ಜೊತೆಗೆ ಹಾಡಿನ ಶ್ರುತಿಯೂ ಇಳಿಯುತ್ತದೆ. ಅದನ್ನು ಬೇರೆಯಾಗಿ ಸರಿಪಡಿಸಬೇಕು. ಸಾಧ್ಯವಿದ್ದರೆ ಮೊದಲೇ 24ರಲ್ಲಿ ಚಿತ್ರೀಕರಿಸುವುದು ವಾಸಿ. ಡಿಸಿಪಿ-ಓ-ಮ್ಯಾಟಿಕ್‌ನಂಥ ಉಚಿತ ತಂತ್ರಾಂಶ ಇರುವುದರಿಂದ ಇದಕ್ಕೆಲ್ಲ ಲ್ಯಾಬಿಗೆ ಹಣ ಸುರಿಯಬೇಕಿಲ್ಲ. ಹೆಸರಿಡುವಾಗ ಮಾತ್ರ ಪದ್ಧತಿ ಬಿಡಬೇಡಿ: ಹೆಸರಿನ ನಡುವೆ ‘ಎಸ್’ ಇದ್ದರೆ ಸ್ಕೋಪ್, ‘ಎಫ್’ ಇದ್ದರೆ ಫ್ಲಾಟ್, ‘ಎಫ್-178’ ಎಂದಿದ್ದರೆ ಫ್ಲಾಟ್ ಒಳಗೆ 16:9, ‘ಕೆಎನ್-ಇಎನ್’ ಎಂದರೆ ಮಾತು ಕನ್ನಡ, ಸಬ್‌ಟೈಟಲ್ ಇಂಗ್ಲಿಷ್. ಸರ್ವರಿನ ಪರದೆಯಲ್ಲಿ ಆಪರೇಟರಿಗೆ ಕಾಣುವುದು ಆ ಹೆಸರೊಂದೇ; ಯಾವ ಗುಂಡಿ ಒತ್ತಬೇಕೆಂದು ಅವನು ತೀರ್ಮಾನಿಸುವುದು ಅದನ್ನು ನೋಡಿ.

ಕ್ಯೂಬ್ರಿಕ್‌ರಂತೆ ಎಲ್ಲ ಥಿಯೇಟರಿಗೂ ಪತ್ರ ಬರೆಯುವುದು ನಿಮ್ಮಿಂದಾಗದಿರಬಹುದು. ಆದರೆ ಸಿನಿಮಾದ ಜೊತೆ ಹತ್ತು ಸೆಕೆಂಡಿನ ಇನ್ನೊಂದು ಸಣ್ಣ ಡಿಸಿಪಿ ಮಾಡಿ ಕಳಿಸಬಹುದು: ಚೌಕಟ್ಟಿನ ನಾಲ್ಕು ಅಂಚಿಗೂ ಬಿಳಿ ಗೆರೆ, ನಡುವೆ ಒಂದು ವೃತ್ತ, ಪಕ್ಕದಲ್ಲಿ ‘ಫ್ಲಾಟ್’ ಅಥವಾ ‘ಸ್ಕೋಪ್’ ಎಂಬ ಒಂದು ಮಾತು. ಪ್ರದರ್ಶನದ ದಿನ ಅರ್ಧ ಗಂಟೆ ಮುಂಚೆ ಹೋಗಿ ಅದನ್ನು ಹಾಕಿಸಿ. ನಾಲ್ಕೂ ಗೆರೆ ಕಂಡರೆ, ವೃತ್ತ ವೃತ್ತವಾಗಿಯೇ ಇದ್ದರೆ, ಬಾಗಿಲು ತೆಗೆಯಲು ಹೇಳಿ.